ಅಂಗಡಿಯ ಪುಟ ಅಂಗಡಿಯವರ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಧಾರವಾಡದ ಪೇಢೆ ಅಂಗಡಿಯಿಂದ ನವಲಗುಂದದ ಜಮಖಾನೆ ನೇಯುವವರವರೆಗೆ ಈಗ ಎಲ್ಲರಿಗೂ ಫೇಸ್‌ಬುಕ್ ಪುಟ ಬೇಕಾಗಿದೆ. ಅದನ್ನು ಸಿಂಗರಿಸಲು ಕೋಡ್ ಬರಬೇಕಿಲ್ಲ. ಕ್ಯಾನ್ವಾದಂಥ ಚಿತ್ರ ವಿನ್ಯಾಸದ ಸಾಧನದ ಉಚಿತ ಆವೃತ್ತಿಯೇ ಸಾಕು.

ಹೆಚ್ಚಾಗಿ ಕೆಡುವುದು ಕವರ್ ಚಿತ್ರ, ಅಂದರೆ ಪುಟದ ತಲೆಯ ಮೇಲಿನ ಅಗಲ ಚಿತ್ರ. ಫೇಸ್‌ಬುಕ್ ಅದನ್ನು ಕಂಪ್ಯೂಟರಿನಲ್ಲಿ ಸುಮಾರು 820×312, ಮೊಬೈಲಿನಲ್ಲಿ ಸುಮಾರು 640×360 ಪಿಕ್ಸೆಲ್ ಅಳತೆಯಲ್ಲಿ ತೋರಿಸುತ್ತದೆ. ಹಾಗಾಗಿ ಕಂಪ್ಯೂಟರಿಗೆ ಹೊಂದುವ ಚಿತ್ರದ ಎಡಬಲ ಅಂಚು ಮೊಬೈಲಿನಲ್ಲಿ ಕತ್ತರಿಸಿಹೋಗುತ್ತದೆ. ಅಂಚಿನಲ್ಲಿ ಬರೆದ ಫೋನ್ ನಂಬರಿನ ಕೊನೆಯ ಅಂಕಿಗಳು ಮೊಬೈಲಿನಲ್ಲಿ ಮಾಯವಾಗುವುದು ಇದರಿಂದಲೇ. ಚಿತ್ರವನ್ನು 1640×720 ಅಳತೆಯಲ್ಲಿ ಮಾಡಿ, ಎಡಬಲಕ್ಕೆ 180, ಮೇಲೆ ಕೆಳಗೆ 48 ಪಿಕ್ಸೆಲ್ ಜಾಗದಲ್ಲಿ ಅಕ್ಷರ ಬಾರದಂತೆ ನೋಡಿಕೊಂಡರೆ ಎರಡರಲ್ಲೂ ಸರಿ ಕಾಣುತ್ತದೆ. ಅಕ್ಷರವಿರುವ ಚಿತ್ರವನ್ನು ಜೆಪಿಜಿ ಕಡತದ ಬದಲು ಪಿಎನ್‌ಜಿ ಕಡತವಾಗಿ ಉಳಿಸಿ. ಒತ್ತಕ್ಷರಗಳು ಮಸುಕಾಗುವುದು ಕಡಿಮೆ. ಪ್ರೊಫೈಲ್ ಚಿತ್ರ ದುಂಡಗೆ ಕತ್ತರಿಸಿಹೋಗುವುದರಿಂದ ಚೌಕಾಕಾರದ ಬೋರ್ಡಿನ ಫೋಟೊ ಅಲ್ಲಿಗೆ ಹೊಂದುವುದಿಲ್ಲ.

ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಅಂಟಿಸಬೇಡಿ, ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯಾವ ಫೋನಿನಲ್ಲೂ ಓದಲು ಬರುವ ಯೂನಿಕೋಡ್ ಕನ್ನಡವೇ ಬೇಕು. ಬೆಲೆ, ವಿಳಾಸಗಳನ್ನು ಚಿತ್ರದೊಳಗಷ್ಟೇ ಬರೆಯದೆ ಪುಟದ ವಿವರದಲ್ಲೂ ತುಂಬಿ. ವಾಟ್ಸ್‌ಆ್ಯಪ್ ಬಟನ್ ಜೋಡಿಸಿದ ಮೇಲೆ ಬೇರೆ ಫೋನಿನಿಂದ ಒಮ್ಮೆ ಒತ್ತಿ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಪುಟ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಅದನ್ನು ತೆರೆಸಬೇಡಿ. ಅವನು ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ ಪುಟದ ಬೀಗವೂ ಅವನ ಜತೆ ಹೋದಂತೆಯೇ. ಮಾಲೀಕರ ಖಾತೆಯಿಂದಲೇ ತೆರೆದು, ಮನೆಯವರೊಬ್ಬರಿಗೂ ಪೂರ್ಣ ನಿಯಂತ್ರಣ ಕೊಡಿ.

– ಓದುಗರೊಬ್ಬರು, ಹುಬ್ಬಳ್ಳಿ