ವೈರಿಂಗ್ ಬದಲಾಯಿಸಿದ ಬೈಕ್‌ಗಳ ರಿಪೇರಿ: ಜೂನ್ 1ರಿಂದ ಹೊಸ ಕ್ರಮ

ಮಡಿಕೇರಿ

ಆತ್ಮೀಯ ಗ್ರಾಹಕರೇ,

ಕಂಪನಿ ವೈರಿಂಗ್ ಕತ್ತರಿಸಿ ಫಾಗ್ ಲೈಟ್, ಹಾರ್ನ್, ಮೊಬೈಲ್ ಚಾರ್ಜರ್ ಜೋಡಿಸುವ ಕೆಲಸವನ್ನು ಜೂನ್ 1ರಿಂದ ನಮ್ಮ ಗ್ಯಾರೇಜಿನಲ್ಲಿ ಮಾಡುವುದಿಲ್ಲ. ಹಾಗೆ ಜೋಡಿಸಿದ ಮೇಲೆ ಸ್ಟಾರ್ಟ್ ಆಗದೆ ನಿಂತ ಬೈಕ್ ಬಂದರೆ, ಸೇರಿಸಿದ್ದನ್ನೆಲ್ಲ ಮೊದಲು ಬಿಚ್ಚಿ, ವೈರಿಂಗನ್ನು ಮೂಲ ಸ್ಥಿತಿಗೆ ತಂದ ಮೇಲೆಯೇ ದೋಷ ಹುಡುಕುತ್ತೇವೆ. ಇದಕ್ಕೆ ನಿಮ್ಮ ಒಪ್ಪಿಗೆ ಬೇಕು. ಅರ್ಧ ದಿನ ಹಿಡಿಯುತ್ತದೆ. ಕೂಲಿ ಎಷ್ಟೆಂದು ಮುಂಚೆಯೇ ತಿಳಿಸುತ್ತೇವೆ.

ಭಾಗಮಂಡಲ, ತಲಕಾವೇರಿ ಕಡೆ ಮಂಜಿನಲ್ಲಿ ಓಡಾಡುವವರಿಗೆ ಫಾಗ್ ಲೈಟ್ ಬೇಕೇ ಬೇಕು. ಅದನ್ನು ಹಾಕಿಸಬೇಡಿ ಎಂದು ನಾವು ಹೇಳುತ್ತಿಲ್ಲ, ತೊಂದರೆ ಇರುವುದು ಜೋಡಣೆಯಲ್ಲಿ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬು ಸುಮಾರು 9 ಆಂಪಿಯರ್ ಎಳೆಯುತ್ತವೆ. ಇಗ್ನಿಷನ್ ಸ್ವಿಚ್ಚಿನ ತೆಳು ವೈರಿನಿಂದ ಅಷ್ಟು ಕರೆಂಟ್ ತೆಗೆದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತದೆ, ಅದೇ ಲೈನಿನ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮತ್ತು ಪೆಟ್ರೋಲ್ ಪಂಪಿಗೆ ವೋಲ್ಟೇಜ್ ಸಾಲುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಬೈಕ್‌ಗಳಲ್ಲಿ ಬಹುಪಾಲು ಫ್ಯುಯೆಲ್ ಇಂಜೆಕ್ಷನ್, ಅಂದರೆ ಕಾರ್ಬ್ಯುರೇಟರ್ ಬದಲು ಕರೆಂಟ್ ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವಂಥವು. ಇವುಗಳ ಬ್ಯಾಟರಿ ಪೂರ್ತಿ ಇಳಿದರೆ ಇಳಿಜಾರಿನಲ್ಲಿ ತಳ್ಳಿದರೂ ಪ್ರಯೋಜನವಿಲ್ಲ.

ಸುಲಿದು, ತಿರುಚಿ, ಟೇಪು ಸುತ್ತಿದ ಜಾಯಿಂಟ್ ನಮ್ಮೂರಿನ ಮಳೆಗೆ ತಡೆಯುವುದಿಲ್ಲ. ಅಂಟು ಬಿಟ್ಟು ನೀರು ಒಳಗಿಳಿದು ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ವೋಲ್ಟ್ ಅಳೆಯುವ ಮೀಟರ್ ಇಟ್ಟರೆ 12 ವೋಲ್ಟ್ ಕೂಡ ತೋರಿಸುತ್ತದೆ. ಲೋಡ್ ಬಿದ್ದ, ಅಂದರೆ ಕರೆಂಟ್ ಎಳೆದ ಕೂಡಲೇ ಆ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಸೆಲ್ಫ್ ಒತ್ತಿ ಹಿಡಿದೇ ಅಳೆಯಬೇಕು.

ಬೈಕ್ ತರುವ ಮೊದಲು ಮನೆಯಲ್ಲೇ ಒಂದಷ್ಟು ನೋಡಬಹುದು. ಕೀ ಆನ್ ಮಾಡಿದರೂ ಮೀಟರ್ ಬೆಳಗದಿದ್ದರೆ ಮೇನ್ ಫ್ಯೂಸ್ ಮತ್ತು ಬ್ಯಾಟರಿ ಟರ್ಮಿನಲ್ ನೋಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದನ್ನೇ ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ತಂತಿ ಸುತ್ತಿ ಓಡಿಸಬೇಡಿ, ಬೆಂಕಿ ಹತ್ತೀತು. ಮೀಟರ್ ಬೆಳಗಿಯೂ ಸೆಲ್ಫ್ ಸದ್ದೇ ಮಾಡದಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲಿನಲ್ಲಿ ಎಂಜಿನ್ ಆಫ್ ಮಾಡುವ ಸ್ವಿಚ್), ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್ ನೋಡಿ. ಬರೀ ಟಕ್ ಟಕ್ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅರ್ಥ್ ವೈರ್ (ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಹೋಗುವ ವೈರ್) ಸಡಿಲವಾಗಿದೆ. ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕೀ ಆನ್ ಮಾಡಿ ಟ್ಯಾಂಕಿನ ಹತ್ತಿರ ಕಿವಿಗೊಡಿ: ಇಂಜೆಕ್ಷನ್ ಬೈಕಿನಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎನ್ನಬೇಕು. ಇನ್ನು ಹ್ಯಾಂಡಲ್ ಒಂದು ಬದಿಗಿದ್ದಾಗ ಸ್ಟಾರ್ಟ್ ಆಗಿ, ಇನ್ನೊಂದು ಬದಿಗೆ ತಿರುಗಿಸಿದ ಕೂಡಲೇ ಆಫ್ ಆದರೆ, ಹ್ಯಾಂಡಲಿನ ಕತ್ತಿನ ಬಳಿ ವೈರ್ ಸಿಕ್ಕಿ ಜಜ್ಜಿಹೋಗಿರುವ ಸಾಧ್ಯತೆಯೇ ಹೆಚ್ಚು.

ಗ್ಯಾರೇಜಿನಲ್ಲಿ ನಾವು ಬ್ಯಾಟರಿಯಿಂದ ಶುರುಮಾಡುತ್ತೇವೆ. ಪೂರ್ತಿ ಚಾರ್ಜಾಗಿ ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಬೇಕು, ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗಿಳಿಯಬಾರದು. ಆಗಲೇ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬಾಡಿಯ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ವೈರ್ ಬಿಚ್ಚಿ ಉಜ್ಜಬೇಕು. ಇಷ್ಟೂ ಅಳೆಯುವ ಮೊದಲು 'ಇಸಿಯು ಹೋಗಿದೆ' ಎಂದು ಯಾರೇ ಹೇಳಿದರೂ ದುಡ್ಡು ಕೊಡಬೇಡಿ. ಸೆನ್ಸರ್ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಲು ಬಿಡಲೂ ಬೇಡಿ. ಅವು 5 ವೋಲ್ಟಿನ ಲೈನುಗಳು, ಬಲ್ಬು ಎಳೆಯುವ ಕರೆಂಟನ್ನು ತಡೆಯಲಾರವು.

ಹೊಸದಾಗಿ ಲೈಟ್ ಬೇಕೆಂದವರಿಗೆ 20 ವ್ಯಾಟಿನ ಎರಡು ಎಲ್‌ಇಡಿ ಸಾಕು, ಒಟ್ಟು ಮೂರೂವರೆ ಆಂಪಿಯರಿನೊಳಗೆ ಮುಗಿಯುತ್ತದೆ. ಕರೆಂಟ್ ನೇರ ಬ್ಯಾಟರಿಯಿಂದ, 1.5 ಚದರ ಮಿ.ಮೀ. ವೈರಿನಲ್ಲಿ ಬರುತ್ತದೆ. ಪಾಸಿಟಿವ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ 7.5 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚಿನ) 30ನೇ ಪಿನ್. 87 ಲೈಟಿಗೆ, 85 ಅರ್ಥಿಗೆ, 86 ಹ್ಯಾಂಡಲ್ ಸ್ವಿಚ್ಚಿಗೆ. ಕೀ ಆಫ್ ಆದರೆ ಲೈಟೂ ಆರುವಂತೆ ಆ ಸ್ವಿಚ್ಚಿಗೆ ಪಾರ್ಕಿಂಗ್ ಲೈಟಿನ ಕನೆಕ್ಟರಿನಿಂದ ಅಡಾಪ್ಟರ್ ಹಾಕಿ ಕರೆಂಟ್ ಕೊಡುತ್ತೇವೆ. ಜಾಯಿಂಟೆಲ್ಲ ಕ್ರಿಂಪ್ ಮಾಡಿ (ಲೋಹದ ಕನೆಕ್ಟರಿನಲ್ಲಿ ಒತ್ತಿ ಬಿಗಿದು), ಮೇಲೆ ಒಳಬದಿಯಲ್ಲಿ ಅಂಟು ಇರುವ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕುತ್ತೇವೆ.

ಬೈಕ್ ತರುವಾಗ ಹಾಕಿಸಿದ ಲೈಟಿನ ಡಬ್ಬಿ, ಬಿಲ್ ಇದ್ದರೆ ತನ್ನಿ. ಬಿಚ್ಚಿದ ಸಾಮಾನನ್ನು ನಿಮಗೇ ವಾಪಸ್ ಕೊಡುತ್ತೇವೆ.

ಇಂತಿ,
ಗ್ಯಾರೇಜಿನ ಎಲ್ಲರ ಪರವಾಗಿ