ಕವಿತೆಗೂ ಒಂದು ವಿಳಾಸ ಬೇಕು

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿ ವರ್ಷ ನಾಲ್ಕೈದು ಮಕ್ಕಳಾದರೂ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬರುತ್ತಾರೆ. "ಮೇಡಂ, ಇದನ್ನ ಎಲ್ಲಿಗೆ ಕಳಸಬೇಕ್ರಿ?" ಕವಿತೆ ಹೇಗಿದೆ ಎಂದು ಕೇಳುವವರು ಕಡಿಮೆ, ಅದು ಬೇರೆ ಮಾತು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಕವಿತೆಗಳು ಬರುತ್ತವೆ, ಖುಷಿಯಿಂದ ಓದುತ್ತೇವೆ. ಆದರೆ ಕವಿತೆಯನ್ನು ಎಲ್ಲಿಗೆ ಕಳಿಸಬೇಕು, ಎಷ್ಟು ದಿನ ಕಾಯಬೇಕು ಅನ್ನುವುದು ಅಲ್ಲಿ ಎಲ್ಲೂ ಇರುವುದಿಲ್ಲ. ಬೇರೆ ಪತ್ರಿಕೆಗಳಲ್ಲೂ ಬಹುಪಾಲು ಇದೇ ಕಥೆ. ಮೊದಲು ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಹಚ್ಚಿ ಒಳಗಿಡುತ್ತಿದ್ದೆವು. ಕವಿತೆ ಬೇಡವಾದರೆ ಅದರಲ್ಲೇ ವಾಪಸ್ ಬರುತ್ತಿತ್ತು, ಜೊತೆಗೆ ಎರಡು ಸಾಲಿನ ವಿಷಾದಪತ್ರ. ಬೇಜಾರಾಗುತ್ತಿತ್ತು, ಆದರೆ ಮರುದಿನವೇ ಇನ್ನೊಂದು ಕಡೆ ಕಳಿಸಬಹುದಿತ್ತು. ಈಗ ಇಮೇಲ್ ಕಳಿಸಿದರೆ ಸುಮ್ನೆ ಕಾಯುವುದೇ. ನಾನೂ ಒಮ್ಮೆ ಎಂಟು ತಿಂಗಳು ಕಾದು, ಸಾಕಾಗಿ ಅದೇ ಕವಿತೆಯನ್ನು ಬೇರೆಡೆ ಕಳಿಸಿದೆ. ಎರಡೂ ಕಡೆ ಹದಿನೈದು ದಿನದ ಅಂತರದಲ್ಲಿ ಅಚ್ಚಾಯಿತು! ಬೈಗುಳ ಮಾತ್ರ ನನಗೇ ಬಂತು.

ವಿಳಾಸ ಗೊತ್ತಿದ್ದರೂ ಸಾಲದು. ಸಣ್ಣ ಪತ್ರಿಕೆಗಳ ಆಯಸ್ಸು ಕಡಿಮೆ. 1964ರಲ್ಲಿ ಧಾರವಾಡದಲ್ಲಿ 'ಸಂಕ್ರಮಣ' ಸಾಹಿತ್ಯ ಪತ್ರಿಕೆ ಶುರು ಮಾಡಿದಾಗ ಲೇಖಕರಾದ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಇಪ್ಪತ್ತೈದರ ಆಸುಪಾಸಿನ ಹುಡುಗರು. ಅದು ಬಹಳ ಕಾಲ ನಡೆಯಿತು, ಎಷ್ಟೋ ಹೊಸ ಕವಿಗಳನ್ನು ತಂದಿತು. ಎಲ್ಲವಕ್ಕೂ ಆ ಭಾಗ್ಯವಿಲ್ಲ. 2005ರಲ್ಲಿ ಬಂದ 'ದೇಶಕಾಲ' ಏಳೇ ವರ್ಷಕ್ಕೆ ನಿಂತಿತು. ಹಳೆಯ ಡೈರಿ ನೋಡಿ ನಾನು ಕೊಟ್ಟ ಒಂದು ವಿಳಾಸಕ್ಕೆ ನಮ್ಮ ಹುಡುಗನೊಬ್ಬ ಐದು ಕವಿತೆ ಕಳಿಸಿದ್ದ. ಲಕೋಟೆ ತಿಂಗಳ ಮೇಲೆ ವಾಪಸ್ ಬಂತು. ಪತ್ರಿಕೆ ನಿಂತು ಮೂರು ವರ್ಷವಾಗಿತ್ತಂತೆ.

ಅಂದಿನಿಂದ ಮಕ್ಕಳಿಗೆ ಬೇರೆ ದಾರಿ ಹೇಳುತ್ತಿದ್ದೇನೆ. ಲೈಬ್ರರಿಗೆ ಹೋಗಿ ಕಳೆದೆರಡು ವರ್ಷದಲ್ಲಿ ಬಂದ ಕವನ ಸಂಕಲನಗಳನ್ನು ತೆಗೆಯಿರಿ. ಕವಿಯ ಮಾತಿನ ಕೊನೆಯಲ್ಲಿ "ಇಲ್ಲಿನ ಕವಿತೆಗಳನ್ನು ಪ್ರಕಟಿಸಿದ ಪತ್ರಿಕೆಗಳಿಗೆ ವಂದನೆ" ಅಂತ ಒಂದು ಪಟ್ಟಿ ಇರುತ್ತದಲ್ಲ, ಯಾರೂ ಓದದ ಆ ಸಾಲುಗಳನ್ನು ಬರೆದುಕೊಳ್ಳಿ. ಇವತ್ತು ಯಾರು ಹೊಸಬರ ಕವಿತೆ ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ನನಗಂತೂ ಸಿಕ್ಕಿಲ್ಲ. ಹಿಂದಿನ ಪುಟದಲ್ಲೇ ಪ್ರಕಾಶಕರ ವಿಳಾಸವೂ ಇರುತ್ತದೆ. ಗದಗಿನ ಲಡಾಯಿ, ಶಿವಮೊಗ್ಗದ ಅಹರ್ನಿಶಿಯಂಥ ಪ್ರಕಾಶನಗಳ ಹೆಸರು ನಮ್ಮ ಮಕ್ಕಳಿಗೆ ತಿಳಿದದ್ದು ಹಾಗೆಯೇ. ಪುಸ್ತಕವಾಗುವಷ್ಟು ಕವಿತೆ ಇದ್ದವರಿಗೆ ಇನ್ನೂ ಒಂದೆರಡು ಬಾಗಿಲುಗಳಿವೆ. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿಗೆ ಹಸ್ತಪ್ರತಿಯನ್ನೇ ಕಳಿಸಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಸಹಾಯಧನ ಕೊಡುತ್ತದೆ. ಇಂಥ ಪ್ರಕಟಣೆಗಳು ಪೇಪರಿನ ಮೂಲೆಯಲ್ಲಿ ಒಂದು ದಿನ ಬಂದು ಹೋಗುತ್ತವೆ. ಅವತ್ತು ಪೇಪರ್ ನೋಡದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಸರಿಯಾದ ಬಾಗಿಲು ಕಾಣದಿದ್ದಾಗ ತಪ್ಪು ಬಾಗಿಲು ಬೇಗ ತೆರೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ "ರಾಜ್ಯಮಟ್ಟದ ಸಂಕಲನ, ಒಂದು ಕವಿತೆಗೆ 500 ರೂಪಾಯಿ, ಪ್ರಮಾಣಪತ್ರ ಉಚಿತ" ಅಂತ ಬರುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ದುಡ್ಡು ಕಟ್ಟಿದಳು. ಪ್ರಮಾಣಪತ್ರ ಬಂತು, ಪುಸ್ತಕ ಬರಲಿಲ್ಲ. ಅಪ್ಪ ಬೈದರೆಂದು ಬರೆಯುವುದನ್ನೇ ಬಿಟ್ಟಿದ್ದಾಳೆ. ಕವಿತೆಗೆ ಗೌರವ ಸಂಭಾವನೆ ಸಿಗದಿದ್ದರೂ ಪರವಾಗಿಲ್ಲ, ಕವಿಯೇ ಕೈಯಿಂದ ಕೊಡುವುದು ಯಾವ ನ್ಯಾಯ?

ನಾನು ಕೇಳುವುದು ಜಾಸ್ತಿಯೇನಲ್ಲ. ತಿಂಗಳಿಗೊಮ್ಮೆ ಪುರವಣಿಯಲ್ಲಿ ಆರು ಸಾಲಿನ ಚೌಕಟ್ಟು ಕೊಡಿ. ನಿಮ್ಮ ವಿಳಾಸ, ಒಮ್ಮೆಗೆ ಎಷ್ಟು ಕವಿತೆ, ಎಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಬೇರೆಡೆ ಕಳಿಸಬಹುದು, ಇಷ್ಟು ಸಾಕು. ಯಾವ ಫಾಂಟ್ ಅನ್ನುವುದನ್ನೂ ಮರೆಯಬೇಡಿ. ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕವಿತೆ ಯೂನಿಕೋಡ್ ಬಳಸುವವರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ. ಓದದೆಯೇ ತಿರಸ್ಕಾರವಾಗುವುದು ಹೀಗೂ ಉಂಟು. ಜಾಗ ಉಳಿದರೆ ಆ ತಿಂಗಳು ಕವಿತೆ ಕರೆದಿರುವ ಸಣ್ಣ ಪತ್ರಿಕೆಗಳ ಹೆಸರನ್ನೂ ಹಾಕಿ. ಪಟ್ಟಿ ಮಾಡಿಕೊಡಲು ನಮ್ಮ ಮಕ್ಕಳು ತಯಾರಿದ್ದಾರೆ.

ಇನ್ನೊಂದು ಮಾತು. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಕಳೆದ ಜೂನ್‌ನಲ್ಲಿ ನಿಮ್ಮ ಪುರವಣಿಗೇ ಮಳೆಯ ಮೇಲೊಂದು ಕವಿತೆ ಕಳಿಸಿದ್ದಾಳೆ. ಬೇರೆ ಕಡೆ ಕಳಿಸಲೋ ಬೇಡವೋ ಅಂತ ಮೊನ್ನೆಯೂ ಕೇಳಿದಳು. ಏನು ಹೇಳಲಿ?

ಇಂತಿ,
ಕನ್ನಡ ಅಧ್ಯಾಪಕಿ, ಹಾವೇರಿ ಜಿಲ್ಲೆ