ಅತ್ತರೆ ಚಿಟ್ಟಿ ಬಿರಿಯುತ್ತದೆ

ನಮ್ಮ ಶೂರ್ಪನಖಿಯ ನಾಟಕ ಮುಗಿದು ಇವತ್ತಿಗೆ ಒಂಬತ್ತು ದಿನ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿದೆ. ತೆಂಗಿನೆಣ್ಣೆ ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ನೀವು ಕಳಿಸಿದ ಮೆಸೇಜುಗಳಿಗೆಲ್ಲ ಒಂದೊಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದೆ. ಅಷ್ಟು ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೈಕು, ಕಾಲು, ಪ್ಲಾಸ್ಟರು, ತಪ್ಪಿಹೋದ ಪರೀಕ್ಷೆ ಎಲ್ಲ ನಿಮಗೆ ಗೊತ್ತಿರುವುದೇ. ಆ ಕಥೆ ಹೇಳಿ ಹೇಳಿ ನನಗೇ ಬೋರಾಗಿದೆ. ಬಿಡಿ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ. ತಂಡದ ಹುಡುಗಿಯರು, ನಾಲ್ಕು ಲೈಟನ್ನು ಅರ್ಧ ಬಾಡಿಗೆಗೆ ಕೊಟ್ಟು ಡಿಮ್ಮರ್ ಮುಂದೆ ತಾನೇ ಕೂತ ಲೈಟಿನ ಇಚ್ಚ, ಅಂಗಳ ಬಿಟ್ಟುಕೊಟ್ಟ ಊರಿನ ಗ್ರಂಥಾಲಯದವರು, ನನ್ನ ಕಾಲು ನೋಡಿ ಸ್ಟಾಪ್ ಇಲ್ಲದ ಕಡೆಯೂ ಬಸ್ಸು ನಿಲ್ಲಿಸುತ್ತಿದ್ದ ಕಂಡಕ್ಟರಣ್ಣ, ಕನ್ನಡ ಮೇಡಂ, ರಿಹರ್ಸಲ್ ಮುಗಿಯುವ ತನಕ ಗೇಟಿಗೆ ಬೀಗ ಹಾಕದೆ ಕಾದ ಸೆಕ್ಯೂರಿಟಿ ಚೇಚಿ, ಮತ್ತೆ ಅಮ್ಮ. ಚೇಚಿಗೆ ಕನ್ನಡ ಬರುವುದಿಲ್ಲ. ಆದರೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಮರುದಿನ ಗೇಟಿನಲ್ಲಿ ಸಿಕ್ಕಾಗ ತನ್ನ ಮೂಗು ಮುಟ್ಟಿ ತೋರಿಸಿ, "ವೇದನಿಚ್ಚೋ ಮೋಳೇ?" ಅಂತ ಕೇಳಿದರು. ನೋವಾಯಿತಾ ಮಗಳೇ ಅಂತ. ನನಗೆ ಸಿಕ್ಕಿದ ವಿಮರ್ಶೆಗಳಲ್ಲಿ ಇದೇ ಒಳ್ಳೆಯದು.

ಅಪ್ಪ ಬರಲಿಲ್ಲ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ, ಎಲ್ಲರೂ ಕೇಳುತ್ತಿದ್ದೀರಿ.

ಈ ಹುಚ್ಚು ಹಿಡಿದದ್ದು ಶಾಲೆಯಲ್ಲಿ. ಕಾಸರಗೋಡಿನ ಮಕ್ಕಳಿಗೆ ಯಕ್ಷಗಾನ ಅಂದರೆ ಬರೀ ಬಯಲಾಟ ಅಲ್ಲ, ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಐಟಂ ಕೂಡ. ಒಂಬತ್ತನೇ ಕ್ಲಾಸಿನಲ್ಲಿ ಉಪಜಿಲ್ಲೆಯಲ್ಲಿ ನಾನು ಲಕ್ಷ್ಮಣ ಆಗಿದ್ದೆ. ಅದೇ ವರ್ಷ, 2019ರಲ್ಲಿ, ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆಯಿತು. ನಮ್ಮ ಟೀಮು ಅಲ್ಲಿಯವರೆಗೆ ಹೋಗಲಿಲ್ಲ, ನೋಡಲು ಮಾತ್ರ ಹೋದೆವು. ಜನ ನೋಡಿ ತಲೆ ತಿರುಗಿತ್ತು. ಆಗ ನಾವು ಹುಡುಗಿಯರು ಕಿರೀಟ ಕಟ್ಟಿ ಕುಣಿದರೆ ಮನೆಯವರಿಗೆಲ್ಲ ಖುಷಿ. ಗ್ರೇಡು ಬಂತಾ, ಗ್ರೇಸ್ ಮಾರ್ಕು ಸಿಗುತ್ತದಾ ಅಂತ ಕೇಳುತ್ತಿದ್ದರು. ಚಿಕ್ಕಪ್ಪ ನನ್ನ ಫೋಟೋ ಸ್ಟೇಟಸ್ ಹಾಕಿದ್ದರು. ಕಾಲೇಜಿಗೆ ಸೇರಿದ ಮೇಲೆ ಅದೇ ಚಿಕ್ಕಪ್ಪ, "ಇನ್ನು ಸಾಕಲ್ವಾ?" ಅಂದರು. ಕುಣಿತ ಅದೇ, ಹುಡುಗಿ ಅವಳೇ. ಮಾರ್ಕು ಇಲ್ಲ, ಅಷ್ಟೇ ವ್ಯತ್ಯಾಸ.

ಶೂರ್ಪನಖಿ ತಲೆಯೊಳಗೆ ಹೊಕ್ಕದ್ದೂ ಆ ಲಕ್ಷ್ಮಣನ ವೇಷದಲ್ಲೇ. ಅವಳ ಮೂಗು ಕೊಯ್ದವಳು ನಾನೇ ಅಲ್ವಾ! ಕುಂಬಳೆಯ ಪಾರ್ತಿಸುಬ್ಬನ ಪಂಚವಟಿ ಪ್ರಸಂಗ ನಮ್ಮ ಕಡೆ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟವರಿಲ್ಲ. ಅದರಲ್ಲಿ ಅವಳು ಮೊದಲು ಘೋರ ಶೂರ್ಪನಖಿಯಾಗಿ ಬರುತ್ತಾಳೆ. ಅದು ಹೆಣ್ಣು ಬಣ್ಣ, ಅಂದರೆ ರಕ್ಕಸಿಯ ವೇಷ. ಆಮೇಲೆ ಮಾಯಾ ಶೂರ್ಪನಖಿ, ಚಂದದ ಸ್ತ್ರೀವೇಷ. ಮೇಳಗಳಲ್ಲಿ ಎರಡನ್ನೂ ಮಾಡುವುದು ಗಂಡಸರು. ಮೂಗು ಹೋದ ಮೇಲೆ ಅವಳು ಬೊಬ್ಬೆ ಹಾಕುವಾಗ ಜನ ನಗುತ್ತಾರೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಒಂದು ದಿನ ಬಸ್ಸಿನಲ್ಲಿ ಬರುವಾಗ ಸುಮ್ನೆ ಒಂದು ಯೋಚನೆ ಬಂತು. ಅವಳು ಅಲ್ಲಿಂದ ಲಂಕೆಗೆ ಹೋದಳಲ್ಲ, ದಾರಿಯುದ್ದಕ್ಕೂ ಮುಖಕ್ಕೆ ಏನು ಅಡ್ಡ ಹಿಡಿದುಕೊಂಡಿದ್ದಳು? ನಾಟಕದ ಮೊದಲ ಸಾಲು ಅದೇ ಆಯಿತು. ಉಳಿದದ್ದು ನೀವು ನೋಡಿದ್ದೀರಿ.

ಬರೆಯುವುದು ಸುಲಭವಿತ್ತು. ಮಾಡಿಸುವುದು ಬೇರೆಯೇ ಕೆಲಸ. ಫೋನು ಮಾಡಿದವರೆಲ್ಲ "ಡೈರೆಕ್ಟರ್ ಸಾರ್ ಹತ್ರ ಕೊಡಿ" ಅನ್ನುತ್ತಿದ್ದರು. ಮೂರು ನಾಲ್ಕು ಸಲ "ನಾನೇ" ಅಂದೆ. ಆಮೇಲೆ ಸಾಕಾಗಿ, "ಸಾರ್ ಮಲಗಿದ್ದಾರೆ, ನನ್ನ ಹತ್ರ ಹೇಳಿ" ಅನ್ನಲು ಶುರು ಮಾಡಿದೆ. ಕೆಲಸ ಬೇಗ ಆಗುತ್ತಿತ್ತು! ಹಿರಿಯರೊಬ್ಬರು ರಿಹರ್ಸಲ್ ನೋಡಿ, "ಅಟ್ಟಹಾಸ ಹಾಕಲು ಹುಡುಗಿಯರಿಗೆ ಗಂಟಲು ಎಲ್ಲಿದೆ? ಆ ಪಾತ್ರಕ್ಕೆ ಒಬ್ಬ ಹುಡುಗನನ್ನು ಹಾಕು, ಜನರಿಗೆ ನಗಲಿಕ್ಕೂ ಆಗುತ್ತದೆ" ಅಂದರು. ನಗಬಾರದು ಅಂತಲೇ ಅಲ್ವಾ ಈ ನಾಟಕ? ಆರು ಗಂಟೆ ಮೇಲೆ ಹುಡುಗಿಯರು ಇರಬಾರದು ಅಂತ ಒಂದು ಕಡೆ, ಸಿಗುತ್ತದೆ ಅಂದಿದ್ದ ಆಡಿಟೋರಿಯಂ ಕೊನೆ ವಾರದಲ್ಲಿ ಸಿಗಲಿಲ್ಲ ಅಂತ ಇನ್ನೊಂದು ಕಡೆ. ಇದನ್ನೆಲ್ಲ ತಡೆದುಕೊಂಡೆ. ತಡೆಯಲು ಆಗದೆ ಹೋದದ್ದು ಆ ಫೋಟೋ.

ರಿಹರ್ಸಲಿನಲ್ಲಿ ನಮ್ಮ ಶೂರ್ಪನಖಿ ಕೂದಲು ಬಿಚ್ಚಿ, ಬಾಯಿ ಇಷ್ಟಗಲ ತೆರೆದು ಅಟ್ಟಹಾಸ ಹಾಕುವ ಫೋಟೋ. ಯಾರೋ ಕದ್ದು ತೆಗೆದಿದ್ದರು. ಕೆಳಗೆ ಎರಡು ಸಾಲು ಬರೆದು ಹಂಚಿದ್ದರು. ಆ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಅವಳ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿತ್ತು. ಭಾನುವಾರ ನಾಟಕ. ಶನಿವಾರ ಸಂಜೆ ಅವಳ ಅಣ್ಣ ಬಂದು, ಒಂದು ಮಾತೂ ಆಡದೆ, ಅವಳ ಬ್ಯಾಗನ್ನು ತಾನೇ ಎತ್ತಿಕೊಂಡು ಹೊರಟ. ಅವಳು ಅವನ ಹಿಂದೆ ಹೋದಳು. ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ ಅಂತ ಆಮೇಲೆ ಮೆಸೇಜು ಮಾಡಿದಳು.

ಅವಳ ಮಾತೆಲ್ಲ ಬಾಯಿಪಾಠ ಇದ್ದದ್ದು ನನಗೊಬ್ಬಳಿಗೆ. ಪ್ಲಾಸ್ಟರ್ ಬಿಚ್ಚಿ ಮೂರು ವಾರ ಆಗಿತ್ತು, ಅಷ್ಟೇ. ಮನೆಗೆ ಬಂದು ಜಗಲಿಯಲ್ಲಿ ಕೂತೆ. ಅಪ್ಪ ಒಳಗಿನಿಂದಲೇ, "ಆಯಿತಲ್ಲ, ಇನ್ನಾದರೂ ನಿಲ್ಲಿಸು" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ ಅದು. ಸಮಾಧಾನದ ದನಿ ಇತ್ತು. ಅದೇ ಜಾಸ್ತಿ ನೋವಾಯಿತು. ಎಲ್ಲರಿಗೂ ನಾಟಕ ಇಲ್ಲ ಅಂತ ಮೆಸೇಜು ಟೈಪ್ ಮಾಡಿದೆ. ಕಳಿಸಲಿಲ್ಲ. ಹಾಗೇ ಫೋನು ಹಿಡಿದುಕೊಂಡು ಕೂತಿದ್ದೆ.

ಹತ್ತು ಗಂಟೆ ದಾಟಿತ್ತು. ತೋಟದ ದಾರಿಯಲ್ಲಿ ಟಾರ್ಚಿನ ಬೆಳಕು ಕಂಡಿತು. ಆಚೆಮನೆ ಅಜ್ಜಿ.

ಅಜ್ಜಿ ನಮಗೆ ಸಂಬಂಧ ಅಲ್ಲ. ಆಚೆಮನೆ ಅಜ್ಜ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಕ್ಕಸರ ಪಾತ್ರ ಮಾಡುತ್ತಿದ್ದವರು, ತೀರಿಕೊಂಡು ನಾಲ್ಕು ವರ್ಷ ಆಯಿತು. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮತ್ತೆ ಮನೆ ಕಾಣುವುದು ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ, ಮೇ ತಿಂಗಳ ಕೊನೆಗೆ. ಆ ಆರು ತಿಂಗಳು ಮನೆ ನಡೆದದ್ದು ಅಜ್ಜಿ ಕಟ್ಟಿದ ಬೀಡಿಯಲ್ಲಿ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲೂ ಇಲ್ಲ.

"ವನಸ್ ಆಂಡಾ?" ಅಂದರು. ಊಟ ಆಗಿರಲಿಲ್ಲ. ಅಮ್ಮನ ಹತ್ತಿರ ಗಂಜಿ ತರಿಸಿ ನನ್ನ ಮುಂದೆ ಇಟ್ಟರು. ನಾನು ಉಣ್ಣುವಾಗ ಸೆರಗಿನ ಗಂಟು ಬಿಚ್ಚಿ ತಾವು ತಂದ ಸಾಮಾನು ಒಂದೊಂದಾಗಿ ಇಟ್ಟರು. ನೆನೆಸಿದ ಬೆಳ್ತಿಗೆ ಅಕ್ಕಿ ಒಂದು ಡಬ್ಬಿ, ಎಲೆಯಲ್ಲಿ ಕಟ್ಟಿದ ಸುಣ್ಣ, ಸಪುರ ಸೀಳಿದ ಎರಡು ಕಡ್ಡಿ. ಆ ಹುಡುಗಿ ಹೋದದ್ದು ಸಂಜೆಯೇ ಊರಿಗೆಲ್ಲ ಗೊತ್ತಾಗಿತ್ತು. ಅಜ್ಜಿ ಅಕ್ಕಿ ನೆನೆಸಿಟ್ಟೇ ಬಂದಿದ್ದರು. ನಾನು ನಿಲ್ಲಿಸುತ್ತೇನಾ ಇಲ್ಲವಾ ಅಂತ ಕೇಳಲೇ ಇಲ್ಲ.

ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದಲ್ಲಿ ಇಡುವ ಬಿಳಿ ಮುಳ್ಳಿನಂಥ ಚುಕ್ಕೆಗಳೇ ಚಿಟ್ಟಿ. ನಮ್ಮ ಪ್ಲಾನಿನಲ್ಲಿ ಅದು ಇರಲಿಲ್ಲ. ಅದನ್ನು ಇಡಲು ಯಾರಿಗೆ ಬರುತ್ತದೆ ಅಂತ ಬಿಟ್ಟಿದ್ದೆವು. ಅಜ್ಜಿ ಕಲ್ಲಿನಲ್ಲಿ ಅಕ್ಕಿಯನ್ನು ಬೆಣ್ಣೆಯ ಹಾಗೆ ಕಡೆದರು. ಸುಣ್ಣ ಸೇರಿಸಿ ಬೆರಳಲ್ಲಿ ಎತ್ತಿ ನೋಡಿದರು. ಇನ್ನೊಂದು ಚೂರು ಸೇರಿಸಿದರು. ನನ್ನ ಮುಖಕ್ಕೆ ಎಣ್ಣೆ ಹಚ್ಚಿ, ಬಣ್ಣ ಬಳಿದು, ಹುಬ್ಬಿನ ಮೇಲಿಂದ ಶುರು ಮಾಡಿದರು. ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ. ಅದರ ಪಕ್ಕ ಇನ್ನೊಂದು. ಒಂದು ಸಾಲು ಸ್ವಲ್ಪ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸಾಲು, ಮುಳ್ಳು ಮುಳ್ಳಾಗಿ ಮೇಲೆದ್ದು ಬರುವ ಹಾಗೆ. ಬೀಡಿ ಕಟ್ಟಿದ ಬೆರಳು, ಎಪ್ಪತ್ತು ದಾಟಿದರೂ ನಡುಗುವುದಿಲ್ಲ. "ಮಾತಾಡಬಾರದು, ನಗಬಾರದು. ಅತ್ತರೆ ಚಿಟ್ಟಿ ಬಿರಿಯುತ್ತದೆ" ಅಂದರು. ಹಾಗಾಗಿ ಆ ರಾತ್ರಿ ಮಾತಾಡಿದ್ದು ಅವರೊಬ್ಬರೇ.

ಅಜ್ಜನ ಕೊನೆಯ ವರ್ಷಗಳಲ್ಲಿ ಕೈ ನಡುಗುತ್ತಿತ್ತಂತೆ. ಕಲೋತ್ಸವದ ಮಕ್ಕಳು ಬಣ್ಣಕ್ಕೆ ಮನೆಗೆ ಬಂದರೆ ಅಜ್ಜ ಬಣ್ಣ ಬಳಿದು ಪಕ್ಕದಲ್ಲಿ ಕೂರುತ್ತಿದ್ದರು, ಚಿಟ್ಟಿ ಇಡುತ್ತಿದ್ದದ್ದು ಅಜ್ಜಿ. ಹೊರಗೆ ಹೇಳುವ ಹಾಗಿರಲಿಲ್ಲ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಿ ಅಂತ ಹೇಳುತ್ತಿದ್ದರಂತೆ. ಮೇಳದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯೊಳಗೆ ಅಜ್ಜಿ ಒಂದು ಸಲವೂ ಕಾಲಿಟ್ಟವರಲ್ಲ. ಆಟ ನೋಡಲು ಹೋದರೂ ದೂರದಲ್ಲಿ, ಹೆಂಗಸರು ಕೂರುವ ಕಡೆ. ಅಲ್ಲಿಂದ ಚಿಟ್ಟಿ ಸರಿ ನಿಂತಿದೆಯಾ ಅಂತ ಮಾತ್ರ ನೋಡುತ್ತಿದ್ದೆ, ಕಥೆ ಏನಾಯಿತು ಅಂತ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ ಅಂದರು.

ಎರಡು ಗಂಟೆಯ ಹೊತ್ತಿಗೆ, ಎಡಗಣ್ಣಿನ ಕೆಳಗೆ ಬಂದಾಗ, ಇನ್ನೊಂದು ಹೇಳಿದರು. ಮದುವೆಯಾದ ಹೊಸತು. ಮಳೆಗಾಲ. ಅಜ್ಜ ಮನೆಯಲ್ಲಿ ಅಭ್ಯಾಸ ಮಾಡಿ ಹಿಟ್ಟು ಉಳಿದಿತ್ತು. ಎಲ್ಲರೂ ಮಲಗಿದ ಮೇಲೆ ಅಜ್ಜಿ ಕನ್ನಡಿ ಮುಂದೆ ಕೂತು ತಮ್ಮ ಮುಖಕ್ಕೇ ಇಟ್ಟುಕೊಂಡರಂತೆ. ಒಂದು ಕಣ್ಣಿನ ಸುತ್ತ ಮಾತ್ರ. ಅಷ್ಟರಲ್ಲಿ ಅತ್ತೆ ಎದ್ದ ಶಬ್ದ. ಸೆರಗಿನಲ್ಲಿ ಒರೆಸಿಕೊಂಡು ಅಡುಗೆಮನೆಗೆ ಓಡಿದರಂತೆ. "ಸುಣ್ಣ ಅಲ್ವಾ, ಎರಡು ದಿನ ಉರಿಯಿತು. ಕಣ್ಣಿಗೆ ಕಸ ಬಿತ್ತು ಅಂತ ಹೇಳಿದೆ."

ಅಷ್ಟು ಹೇಳಿ ಮತ್ತೆ ಚುಕ್ಕೆ ಇಡಲು ಶುರು ಮಾಡಿದರು.

ನನಗೆ ಎಲ್ಲಿಂದಲೋ ಬಂತು. ಆ ಫೋಟೋಗೆ ಅತ್ತಿರಲಿಲ್ಲ, ಅವಳು ಹೋದಾಗ ಅತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಕೂಡ ಇಲ್ಲ. ಈಗ ಗಂಟಲು ಒಡೆದು ಬರುತ್ತಿದೆ, ಮುಖ ಮಾತ್ರ ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು. ಮೂಗಿನಲ್ಲಿ ಉಸಿರು ಎಳೆದು, ಹೊಟ್ಟೆಯಲ್ಲಿ ಹಿಡಿದು, ಕೈಯಲ್ಲಿ ಚಾಪೆ ಗಟ್ಟಿ ಹಿಡಿದುಕೊಂಡೆ. ಅಜ್ಜಿ ನೋಡಿದರು. ಕಡ್ಡಿ ಕೆಳಗಿಡಲಿಲ್ಲ. ಎಡಗೈಯಲ್ಲಿ ನನ್ನ ಗಲ್ಲ ಹಿಡಿದು, "ಆ ಉಸಿರು ಹಾಗೇ ಇಟ್ಟುಕೋ ಮಗಾ, ನಾಳೆಗೆ ಬೇಕು" ಅಂದರು. ನಾಟಕದಲ್ಲಿ ಮೂಗು ಹೋದ ಮೇಲೆ ನಾನು ಒಂದು ನಿಮಿಷ ಸುಮ್ಮನೆ ನಿಂತದ್ದು ನೆನಪಿದೆಯಾ? ಅದನ್ನು ಎಲ್ಲಿ ಕಲಿತೆ ಅಂತ ಕೆಲವರು ಕೇಳಿದಿರಿ. ನಮ್ಮ ಜಗಲಿಯಲ್ಲಿ.

ನಾಲ್ಕು ಗಂಟೆಗೆ ಮುಗಿಯಿತು. ಕನ್ನಡಿ ಕೊಟ್ಟರು. ನೋಡಿದೆ. ಆಮೇಲೆ ಎಲ್ಲ ತೊಳೆದೆವು. ಮರುದಿನಕ್ಕೆ ಹೊಸತಾಗಿ ಇಡಬೇಕಲ್ಲ, ಅದು ಬರೀ ಅಳತೆ ನೋಡಿದ್ದಂತೆ. ಟೈಪ್ ಮಾಡಿದ್ದ ಮೆಸೇಜು ಅಳಿಸಿದೆ. ಅಜ್ಜಿ ಅಲ್ಲೇ ಚಾಪೆಯ ಮೇಲೆ ಒರಗಿದರು, ಬೆಳಕು ಹರಿಯುವ ತನಕ ಮನೆಗೆ ಹೋಗಲಿಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನ ಅಂಗಡಿಯವರು ಒಂದು ಕವರ್ ಕೊಟ್ಟರು. ನಮ್ಮ ಮೊದಲ ಶೂರ್ಪನಖಿ ತನ್ನ ಸ್ಕ್ರಿಪ್ಟ್ ಕಳಿಸಿದ್ದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದಳು. ಅದೇ ಗೆರೆ ನೋಡಿಕೊಂಡು ಮಾಡಿದೆ. ನೀನು ಇದನ್ನು ಓದುತ್ತೀಯೋ ಇಲ್ಲವೋ ಗೊತ್ತಿಲ್ಲ. ಅವತ್ತು ಚಪ್ಪಾಳೆಯಲ್ಲಿ ಅರ್ಧ ನಿನ್ನದು. ಪುಸ್ತಕ ನನ್ನ ಹತ್ರ ಇದೆ, ನಿನಗೆ ಬೇಕಾದಾಗ ಬಾ.

ಭಾನುವಾರ ಮಧ್ಯಾಹ್ನ ಅಜ್ಜಿ ಗ್ರಂಥಾಲಯದ ಹಿಂದಿನ ಕೋಣೆಗೆ ಬಂದರು. ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, "ಒಳಗೆ ಬರಬಹುದಾ?" ಅಂತ ಕೇಳಿದರು. ಒಳಗೆ ಇದ್ದದ್ದು ನಾವು ಹುಡುಗಿಯರು ಮಾತ್ರ. ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಆಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಕಿ ಬೇಡ ಅಂತ ಗ್ರಂಥಾಲಯದವರು ಹೇಳಿದ್ದರಿಂದ ರಾಳದ ಪುಡಿ ಹಾರಿಸಲಿಲ್ಲ. ಇಚ್ಚ ಕೆಂಪು ಹಾಳೆ ಕಟ್ಟಿದ ಲೈಟನ್ನೇ ಆಡಿಸಿ ಕೊಟ್ಟರು. ಇಬ್ಬರು ಹುಡುಗಿಯರು ಸೀರೆಯನ್ನೇ ತೆರೆಯಾಗಿ ಹಿಡಿದರು. ತೆರೆಯ ಹಿಂದಿನಿಂದ ಅಟ್ಟಹಾಸ ಹಾಕಿದೆ. ಗಂಟಲು ಇತ್ತು. ಆ ಕುಂಟು ನಡಿಗೆ ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದೀರಿ ಅಂತ ಒಬ್ಬರು ಹೊಗಳಿದರು. ಥ್ಯಾಂಕ್ಸ್ ಅಂದೆ!

ಇನ್ನೊಂದು ವಿಷಯ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕುತ್ತೇನೆ. ಮನೆಯಲ್ಲಿ ಹೇಳಿಲ್ಲ. ಚಿಕ್ಕಪ್ಪ ಇದನ್ನು ಓದುತ್ತಾರೆ, ಹಾಗಾಗಿ ಇನ್ನು ಹೇಳಬೇಕಾಗಿಲ್ಲ.

ಮೊನ್ನೆ ಒಂದು ಸೀರೆ ತೆಗೆದುಕೊಂಡು ಅಜ್ಜಿಯ ಮನೆಗೆ ಹೋಗಿದ್ದೆ. ಸೀರೆಯನ್ನು ಬಿಚ್ಚಿಯೂ ನೋಡದೆ ಪೆಟ್ಟಿಗೆಯಲ್ಲಿಟ್ಟರು. ಯಾರೋ ಕಳಿಸಿದ ನನ್ನ ಫೋಟೋ ಅವರ ಮೊಮ್ಮಗನ ಫೋನಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ತೋರಿಸಲು ಹೇಳಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಎಡಗಣ್ಣಿನ ಕೆಳಗಿನ ಸಾಲು ಓರೆ ಆಗಿದೆ. ಮುಂದಿನ ಸಲ ಸ್ವಲ್ಪ ಬೇಗ ಬಾ. ಹಗಲಿನ ಬೆಳಕಿದ್ದರೆ ಸರಿ ಮಾಡುತ್ತೇನೆ" ಅಂದರು.